ದಾಖಲೆಯೂ ಒಂದು ಅಳತೆಯೇ

ಒಲಿಂಪಿಕ್ಸ್ ಮುಗಿದ ಕೂಡಲೇ ಪತ್ರಿಕೆಗಳಲ್ಲಿ ಒಂದು ಪಟ್ಟಿ ಬರುತ್ತದೆ: 'ಸಾರ್ವಕಾಲಿಕ ಶ್ರೇಷ್ಠ ಕ್ರೀಡಾಪಟುಗಳು'. ಉಸೇನ್ ಬೋಲ್ಟ್ ಮೊದಲೋ, ಮೈಕೆಲ್ ಫೆಲ್ಪ್ಸ್ ಮೊದಲೋ, ಕಾರ್ಲ್ ಲೂಯಿಸ್‌ಗೆ ಎಷ್ಟನೆಯ ಸ್ಥಾನ, ನಮ್ಮ ಕ್ರಿಕೆಟಿಗರಿಗೆ ಅಲ್ಲಿ ಜಾಗವೇ ಇಲ್ಲವೆ – ಶಾಲೆಯ ಉಪಾಧ್ಯಾಯರ ಕೊಠಡಿಯಲ್ಲಿಯೂ ಕಾಲೇಜಿನ ಕ್ಯಾಂಟೀನಿನಲ್ಲಿಯೂ ಈ ಚರ್ಚೆಗೆ ಕೊನೆಯೆಂಬುದಿಲ್ಲ. ಶ್ರೇಷ್ಠತೆ ಎಂದರೇನು ಎಂಬ ಪ್ರಶ್ನೆಗೆ ಭೌತವಿಜ್ಞಾನದಲ್ಲಿ ಉತ್ತರವಿಲ್ಲ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಒಂದು ಪ್ರಶ್ನೆಗೆ ಉತ್ತರವಿದೆ. ಇಂಥ ಪಟ್ಟಿಗಳಲ್ಲಿ ಪಕ್ಕಪಕ್ಕದಲ್ಲಿ ಜೋಡಿಸುವ ಸಂಖ್ಯೆಗಳು ಪರಸ್ಪರ ಹೋಲಿಸಲು ಅರ್ಹವೆ? 9.58 ಸೆಕೆಂಡು, 8.90 ಮೀಟರು ಇವೆಲ್ಲ ಯಾವುದೋ ಉಪಕರಣದಿಂದ, ಯಾವುದೋ ಊರಿನಲ್ಲಿ, ಯಾವುದೋ ಹವೆಯಲ್ಲಿ ಮಾಡಿದ ಅಳತೆಗಳು. ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ 'ಅಳತೆಯ ಜೊತೆಗೆ ದೋಷವನ್ನೂ ಬರೆಯಿರಿ, ಪರಿಸ್ಥಿತಿಯನ್ನೂ ಬರೆಯಿರಿ' ಎಂದು ಹೇಳುತ್ತೇವಷ್ಟೆ. ಕ್ರೀಡಾಂಗಣದಲ್ಲಿ ಮಾತ್ರ ಅದನ್ನು ಏಕೆ ಮರೆಯಬೇಕು?

ಎಲ್ಲರೂ ಉದಾಹರಿಸುವ ಒಂದು ದಾಖಲೆಯಿಂದ ಆರಂಭಿಸೋಣ. 1968ರ ಅಕ್ಟೋಬರ್ 18ರಂದು ಮೆಕ್ಸಿಕೊ ನಗರದ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಬಾಬ್ ಬೀಮನ್ ಉದ್ದ ಜಿಗಿತದಲ್ಲಿ 8.90 ಮೀಟರ್ ಹಾರಿದರು. ಅದುವರೆಗಿನ ವಿಶ್ವದಾಖಲೆ 8.35 ಮೀಟರ್. ಅಂದರೆ ಒಂದೇ ನೆಗೆತಕ್ಕೆ 55 ಸೆಂ.ಮೀ. ಏರಿಕೆ! 1935ರಲ್ಲಿ ಜೆಸ್ಸಿ ಓವೆನ್ಸ್ 8.13 ಮೀಟರ್ ಹಾರಿದ ಮೇಲೆ ಮುಂದಿನ ಮೂವತ್ತೆರಡು ವರ್ಷಗಳಲ್ಲಿ ದಾಖಲೆ ಏರಿದ್ದು ಕೇವಲ 22 ಸೆಂ.ಮೀ. ಎಂಬುದನ್ನು ನೆನೆದರೆ ಇದರ ಗಾತ್ರ ತಿಳಿಯುತ್ತದೆ. ಅಂದು ದೂರವನ್ನು ಅಳೆಯಲು ಅಳವಡಿಸಿದ್ದ ದೃಗ್ಯಂತ್ರದ ಹಳಿಯೇ ಅಷ್ಟು ಉದ್ದವಿರಲಿಲ್ಲ. ಅಧಿಕಾರಿಗಳು ಉಕ್ಕಿನ ಟೇಪು ತರಿಸಿ ಅಳೆಯಬೇಕಾಯಿತು.

ಈಗ ಪರಿಸ್ಥಿತಿಯನ್ನು ನೋಡೋಣ. ಮೆಕ್ಸಿಕೊ ನಗರ ಸಮುದ್ರ ಮಟ್ಟದಿಂದ ಸುಮಾರು 2240 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟಕ್ಕಿಂತ ಐದನೆಯ ಒಂದರಷ್ಟು ಕಡಿಮೆ. ಅಷ್ಟೇ ಅಲ್ಲ, ಬೀಮನ್ ಹಾರಿದಾಗ ಬೆನ್ನ ಹಿಂದಿನಿಂದ ಬೀಸುತ್ತಿದ್ದ ಗಾಳಿಯ ವೇಗ ಸೆಕೆಂಡಿಗೆ 2.0 ಮೀಟರ್ ಎಂದು ದಾಖಲಾಗಿದೆ. ನಿಯಮ ಒಪ್ಪುವ ಗರಿಷ್ಠ ಮಿತಿ ಸರಿಯಾಗಿ ಅಷ್ಟೇ. 2.1 ಎಂದು ತೋರಿಸಿದ್ದರೆ ದಾಖಲೆಯೇ ಇಲ್ಲ. (ಗೆರೆ ಎಲ್ಲಿಯೋ ಒಂದು ಕಡೆ ಎಳೆಯಲೇಬೇಕು, ನಿಜ. ಆದರೆ ಗೆರೆ ಎಷ್ಟು ಚೂಪಾಗಿದೆಯೋ ಅದನ್ನು ಕಾಯುವ ಉಪಕರಣ ಅಷ್ಟು ಚೂಪಾಗಿರುವುದಿಲ್ಲ.)

ಇವುಗಳಿಂದ ಎಷ್ಟು ಲಾಭ? ಲೆಕ್ಕ ಸುಲಭ, ನೀವೇ ಮಾಡಬಹುದು. ಚಲಿಸುವ ಕಾಯದ ಮೇಲೆ ಗಾಳಿ ಒಡ್ಡುವ ಅಡ್ಡಿ ಗಾಳಿಯ ಸಾಂದ್ರತೆಗೂ, ಗಾಳಿಗೆ ಸಾಪೇಕ್ಷವಾದ ವೇಗದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಓಟಗಾರ ಗಾಳಿಗೆ ಒಡ್ಡುವ ವಿಸ್ತೀರ್ಣ ಅರ್ಧ ಚದರ ಮೀಟರ್, ಎಳೆತದ ಗುಣಾಂಕ 0.9, ಸಾಂದ್ರತೆ ಘನ ಮೀಟರಿಗೆ 1.2 ಕಿ.ಗ್ರಾಂ., ವೇಗ ಸೆಕೆಂಡಿಗೆ 12 ಮೀಟರ್ ಎಂದಿಟ್ಟುಕೊಳ್ಳಿ. ಅಡ್ಡಿಬಲ = ½ × 1.2 × 0.9 × 0.5 × 144, ಅಂದರೆ ಸುಮಾರು 39 ನ್ಯೂಟನ್. ಹೆಚ್ಚು ಕಡಿಮೆ 4 ಕಿ.ಗ್ರಾಂ. ವಸ್ತುವಿನ ತೂಕದಷ್ಟು ಬಲ ಓಟಗಾರನನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ಹಿಂದಿನಿಂದ 2 ಮೀಟರ್ ವೇಗದ ಗಾಳಿ ಬೀಸಿದರೆ 144ರ ಜಾಗದಲ್ಲಿ 100 ಬರುತ್ತದೆ; ಬಲ 27 ನ್ಯೂಟನ್‌ಗೆ ಇಳಿಯುತ್ತದೆ. ಮೆಕ್ಸಿಕೊದ ತೆಳುವಾದ ಗಾಳಿಯನ್ನೂ ಸೇರಿಸಿದರೆ ಸುಮಾರು 22 ನ್ಯೂಟನ್. ಅಡ್ಡಿ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಉಳಿಯಿತು!

ಇದನ್ನು ಕಾಲಕ್ಕೆ ಪರಿವರ್ತಿಸಿದವರ ಪ್ರಕಾರ, ಹಿಂದಿನಿಂದ ಬೀಸುವ 2 ಮೀಟರ್ ಗಾಳಿಯಿಂದ ಪುರುಷರ 100 ಮೀಟರ್ ಓಟದಲ್ಲಿ ಸುಮಾರು 0.10 ಸೆಕೆಂಡು, ಮಹಿಳೆಯರ ಓಟದಲ್ಲಿ 0.12 ಸೆಕೆಂಡು ಉಳಿಯುತ್ತದೆ. ಅಡ್ಡಿಯ ಇಳಿಕೆಗೆ ಅನುಪಾತವಾಗಿ ಲೆಕ್ಕ ಹಿಡಿದರೆ ಮೆಕ್ಸಿಕೊದ ಎತ್ತರದಿಂದ 0.06 ಸೆಕೆಂಡಿನಷ್ಟು. ಎರಡೂ ಸೇರಿ ಬೀಮನ್‌ರ ಓಟದ ವೇಗ ಶೇಕಡಾ ಒಂದೂವರೆಯಷ್ಟು ಹೆಚ್ಚಿರಬಹುದು. ಗಾಳಿಯಲ್ಲಿ ಹಾರುತ್ತಿದ್ದಾಗ ಕಡಿಮೆಯಾದ ಅಡ್ಡಿಯಿಂದ ಇನ್ನೊಂದು ಐದಾರು ಸೆಂ.ಮೀ. ಒಟ್ಟು 20 ಸೆಂ.ಮೀ. ಆಸುಪಾಸು. ಓಟದ ವೇಗದೊಂದಿಗೆ ನೆಲ ಒದೆಯುವ ವೇಗವೂ ಹೆಚ್ಚಿತೆಂದು ಹಿಡಿದರೆ 30 ಸೆಂ.ಮೀ. ದಾಟಬಹುದು. ಆದರೂ ಉಳಿಯುವುದೆಷ್ಟು? ಕನಿಷ್ಠ 20 ಸೆಂ.ಮೀ.; ಬೀಮನ್‌ಗೆ ಮುಂಚಿನ ಇಡೀ ಮೂರು ದಶಕಗಳ ಪ್ರಗತಿಗೆ ಸಮ.

'ಎಲ್ಲ ಎತ್ತರದ ಮಹಿಮೆ' ಎನ್ನುವವರಿಗೆ ಇನ್ನೊಂದು ಉತ್ತರವೂ ಇದೆ. ಮುರಿದುಬಿದ್ದ 8.35 ಮೀಟರ್ ದಾಖಲೆ ಇಬ್ಬರ ಹೆಸರಿನಲ್ಲಿತ್ತು. ಅವರಲ್ಲಿ ಒಬ್ಬರಾದ ಸೋವಿಯತ್ ಒಕ್ಕೂಟದ ಇಗೊರ್ ತೆರ್-ಒವನೆಸ್ಯಾನ್ ಆ ದೂರವನ್ನು 1967ರಲ್ಲಿ ಹಾರಿದ್ದು ಇದೇ ಮೆಕ್ಸಿಕೊ ನಗರದಲ್ಲಿ. ಇನ್ನೊಬ್ಬರು ಅಮೆರಿಕದ ರಾಲ್ಫ್ ಬೋಸ್ಟನ್. ಇಬ್ಬರೂ ಬೀಮನ್ ಜೊತೆಗೆ ಅಂದು ಕಣದಲ್ಲಿದ್ದರು. ಎರಡನೆಯ ಸ್ಥಾನ ಪೂರ್ವ ಜರ್ಮನಿಯ ಕ್ಲೌಸ್ ಬೇರ್‌ಗೆ, 8.19 ಮೀಟರ್, ಮೂರನೆಯ ಬೋಸ್ಟನ್‌ಗೆ 8.16. ಅದೇ ಎತ್ತರ, ಅದೇ ತೆಳು ಗಾಳಿ, ಅದೇ ಓಟದ ಹಾದಿ. ಬೀಮನ್ ನೆಗೆದ ಸ್ವಲ್ಪ ಹೊತ್ತಿನಲ್ಲೇ ಮಳೆ ಬಂದದ್ದರಿಂದ ಪರಿಸ್ಥಿತಿ ಪೂರ್ತಿ ಒಂದೇ ಆಗಿರಲಿಲ್ಲವೆಂಬುದು ನಿಜ. ಆದರೂ 71 ಸೆಂ.ಮೀ. ಅಂತರವನ್ನು ಮಳೆಯ ತಲೆಗೆ ಕಟ್ಟಲಾಗದು. ಪ್ರಯೋಗದಲ್ಲಿ ನಿಯಂತ್ರಣ ಗುಂಪು ಎನ್ನುತ್ತೇವಲ್ಲ, ಅದು ಇಲ್ಲಿ ತಾನಾಗಿಯೇ ಒದಗಿದೆ.

ಬೀಮನ್ ದಾಖಲೆಯನ್ನು ಮುರಿದವರು ಮೈಕ್ ಪೊವೆಲ್, 1991ರ ಆಗಸ್ಟ್ 30ರಂದು ಟೋಕಿಯೊದಲ್ಲಿ, 8.95 ಮೀಟರ್. ಗಾಳಿ ಕೇವಲ 0.3, ಊರು ಸಮುದ್ರ ಮಟ್ಟದಲ್ಲಿಯೇ ಇದೆ. 2025ರ ಕೊನೆಯವರೆಗೂ ಅದನ್ನು ಯಾರೂ ದಾಟಿಲ್ಲ. ಪಟ್ಟಿಯಲ್ಲಿ ಇಬ್ಬರ ನಡುವೆ 5 ಸೆಂ.ಮೀ. ಅಂತರ ಕಾಣುತ್ತದೆ. ಗಾಳಿ, ಎತ್ತರಗಳ ಲೆಕ್ಕ ತೆಗೆದರೆ ಅಂತರ 20 ಸೆಂ.ಮೀ. ಮೀರುತ್ತದೆ. ಶುದ್ಧ ಬಲವಿಜ್ಞಾನದ ದೃಷ್ಟಿಯಲ್ಲಿ ಪೊವೆಲ್‌ರದೇ ದೊಡ್ಡ ಜಿಗಿತ. ತನ್ನ ಕಾಲದವರನ್ನು ಹಿಂದೆ ಹಾಕಿದ ದೃಷ್ಟಿಯಲ್ಲಿ ಬೀಮನ್‌ರದು. ಇವೆರಡು ಬೇರೆ ಬೇರೆ ಪ್ರಶ್ನೆಗಳು. ಪತ್ರಿಕೆಯ ಪಟ್ಟಿಗಳು ಇವನ್ನು ಕಲಸಿಬಿಡುತ್ತವೆ ಎಂಬುದೇ ನನ್ನ ಮುಖ್ಯ ಆಕ್ಷೇಪ.

ಅಂದಹಾಗೆ, ತೆಳು ಗಾಳಿ ಎಲ್ಲರಿಗೂ ವರವಲ್ಲ. ಅದೇ ಮೆಕ್ಸಿಕೊದಲ್ಲಿ 10,000 ಮೀಟರ್ ಗೆದ್ದ ಕೆನ್ಯಾದ ನಫ್ತಾಲಿ ತೆಮು ತೆಗೆದುಕೊಂಡ ಕಾಲ 29 ನಿಮಿಷ 27.4 ಸೆಕೆಂಡು. ಆಗಿನ ವಿಶ್ವದಾಖಲೆ ಆಸ್ಟ್ರೇಲಿಯದ ರಾನ್ ಕ್ಲಾರ್ಕ್‌ರ 27 ನಿಮಿಷ 39.4 ಸೆಕೆಂಡು. ಆ ಕ್ಲಾರ್ಕ್ ಆರನೆಯವರಾಗಿ ಗುರಿ ಮುಟ್ಟಿ ಕುಸಿದು ಬಿದ್ದರು. ಹತ್ತು ಸೆಕೆಂಡಿನ ಓಟಗಾರನಿಗೆ ಗಾಳಿ ಕೇವಲ ಅಡ್ಡಿ. ಅರ್ಧ ಗಂಟೆಯ ಓಟಗಾರನಿಗೆ ಅದು ಆಮ್ಲಜನಕ.

100 ಮೀಟರ್ ಓಟಕ್ಕೆ ಬರೋಣ. ಬೋಲ್ಟ್ 2008ರಲ್ಲಿ ಬೀಜಿಂಗ್‌ನಲ್ಲಿ 9.69, 2009ರ ಆಗಸ್ಟ್ 16ರಂದು ಬರ್ಲಿನ್‌ನಲ್ಲಿ 9.58 ಸೆಕೆಂಡು ಓಡಿದರು. ಒಂದು ವರ್ಷದಲ್ಲಿ 0.11 ಸೆಕೆಂಡು ಎಂದರೆ ಈ ಓಟದಲ್ಲಿ ಬಹಳ ದೊಡ್ಡದು. ಆದರೆ ಬೀಜಿಂಗ್‌ನಲ್ಲಿ ಗಾಳಿ 0.0, ಬರ್ಲಿನ್‌ನಲ್ಲಿ ಹಿಂದಿನಿಂದ 0.9. ಇದರಿಂದಲೇ 0.05 ಸೆಕೆಂಡು ಹೋಯಿತು. ಪಿಸ್ತೂಲಿನ ಸದ್ದಿಗೆ ಪ್ರತಿಕ್ರಿಯಿಸಲು ಬೀಜಿಂಗ್‌ನಲ್ಲಿ 0.165, ಬರ್ಲಿನ್‌ನಲ್ಲಿ 0.146 ಸೆಕೆಂಡು ಹಿಡಿದಿತ್ತು. ಅಲ್ಲಿ 0.02. ಉಳಿದದ್ದು 0.04 ಸೆಕೆಂಡು ಮಾತ್ರ. ಬೀಜಿಂಗ್‌ನಲ್ಲಿ ಕೊನೆಯ ಕೆಲವು ಮೀಟರುಗಳನ್ನು ಅವರು ಎದೆ ತಟ್ಟಿಕೊಳ್ಳುತ್ತ ಓಡಿದ್ದನ್ನು ನೀವೂ ನೋಡಿರಬಹುದು. ನನ್ನನ್ನು ಕೇಳಿದರೆ, ಬೀಜಿಂಗ್‌ನ ಓಟ ಬರ್ಲಿನ್‌ನದಕ್ಕಿಂತ ಕಡಿಮೆಯದೇನಲ್ಲ.

ಈ ಬಗೆಯ ತಿದ್ದುಪಡಿ ಬರಿಯ ಬೌದ್ಧಿಕ ಆಟವೆಂದು ಯಾರಾದರೂ ಹೇಳಿದರೆ ಅವರಿಗೆ ಮಹಿಳೆಯರ 100 ಮೀಟರ್ ದಾಖಲೆಯ ಕಥೆ ಹೇಳಿ. 1988ರ ಜುಲೈ 16ರಂದು ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಅಮೆರಿಕದ ಆಯ್ಕೆ ಸ್ಪರ್ಧೆಯ ಕ್ವಾರ್ಟರ್ ಫೈನಲ್‌ನಲ್ಲಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 10.49 ಸೆಕೆಂಡು ಓಡಿದರು. ಹಿಂದಿನ ದಾಖಲೆ 10.76. ಗಾಳಿಮಾಪಕ ತೋರಿಸಿದ್ದು 0.0. ಆದರೆ ಅದೇ ಹೊತ್ತಿಗೆ ಪಕ್ಕದಲ್ಲಿ, ಓಟದ ಹಾದಿಗೆ ಸಮಾಂತರವಾಗಿ ನಡೆಯುತ್ತಿದ್ದ ತ್ರಿವಿಧ ಜಿಗಿತದ ಮಾಪಕ 4.3 ಮೀಟರ್ ತೋರಿಸುತ್ತಿತ್ತು. ಅನಂತರದ ಎರಡನೆಯ ಕ್ವಾರ್ಟರ್ ಫೈನಲ್‌ಗೂ 0.0, ಮೂರನೆಯದಕ್ಕೆ ಇದ್ದಕ್ಕಿದ್ದಂತೆ 5.0! ಗಾಳಿ ಹೀಗೆ ಸ್ವಿಚ್ ಒತ್ತಿದಂತೆ ನಿಂತು ಮತ್ತೆ ಬೀಸುವುದಿಲ್ಲ. ಮಾಪಕ ಕೆಟ್ಟಿತ್ತು ಎಂದು ಆಸ್ಟ್ರೇಲಿಯದ ಭೌತವಿಜ್ಞಾನಿ ನಿಕ್ ಲಿಂಥೋರ್ನ್ ವಿಶ್ಲೇಷಿಸಿ ತೋರಿಸಿದರು; ನಿಜವಾದ ಗಾಳಿ 5 ಮೀಟರಿಗೂ ಹೆಚ್ಚಿದ್ದಿರಬೇಕೆಂದು ಅಂದಾಜು. ಅಂಕಿಅಂಶ ತಜ್ಞರ ಪಟ್ಟಿಗಳಲ್ಲಿ ಈ ಓಟಕ್ಕೆ 'ಬಹುಶಃ ಬಲವಾದ ಗಾಳಿಯ ನೆರವಿದೆ' ಎಂಬ ಅಡಿಟಿಪ್ಪಣಿ ಇರುತ್ತದೆ. ಅಧಿಕೃತ ದಾಖಲೆಯಾಗಿ ಮಾತ್ರ ಅದು ಹಾಗೆಯೇ ಉಳಿದಿದೆ. 2025ರ ಕೊನೆಯವರೆಗೂ ಯಾರೂ ಮುರಿದಿರಲಿಲ್ಲ.

ಅದರ ಪರಿಣಾಮ ನೋಡಿ. ಜಮೈಕಾದ ಇಲೇನ್ ಥಾಂಪ್ಸನ್ ಹೆರಾ 2021ರ ಜುಲೈ 31ರಂದು ಟೋಕಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ 10.61 ಸೆಕೆಂಡು ಓಡಿ ಗೆದ್ದರು, ಅದೂ 0.6 ಮೀಟರ್ ಎದುರುಗಾಳಿಯಲ್ಲಿ. ಮೂರು ವಾರಗಳ ಬಳಿಕ ಯೂಜೀನ್‌ನಲ್ಲಿ 0.9 ಮೀಟರ್ ಹಿಂಬದಿ ಗಾಳಿಯಲ್ಲಿ 10.54. ಗ್ರಿಫಿತ್ ಜಾಯ್ನರ್ ಅವರ ನಿರ್ವಿವಾದವಾದ ಅತ್ಯುತ್ತಮ ಕಾಲವೂ 10.61; 1988ರ ಜುಲೈ 17ರಂದು, 1.2 ಮೀಟರ್ ಹಿಂಬದಿ ಗಾಳಿಯಲ್ಲಿ. ಒಂದು ಮೀಟರ್ ಗಾಳಿಗೆ 0.06 ಸೆಕೆಂಡಿನಂತೆ ಮೂರನ್ನೂ ನಿಶ್ಚಲ ಗಾಳಿಗೆ ಪರಿವರ್ತಿಸಿ. ಟೋಕಿಯೊ 10.57, ಯೂಜೀನ್ 10.59, ಗ್ರಿಫಿತ್ ಜಾಯ್ನರ್ 10.68. ಪಟ್ಟಿಯಲ್ಲಿ ಮೇಲಿದ್ದ ಯೂಜೀನ್ ಓಟ ಟೋಕಿಯೊದ ಕೆಳಗೆ ಬಂತು. 'ಸಮಬಲ'ದ ಎರಡು 10.61ಗಳ ನಡುವೆ 0.11 ಸೆಕೆಂಡು, ಅಂದರೆ ಗುರಿಯ ಬಳಿ ಒಂದು ಮೀಟರಿಗೂ ಹೆಚ್ಚಿನ ಅಂತರ ತೆರೆದುಕೊಂಡಿತು. ಕೆಟ್ಟ ಉಪಕರಣವೊಂದರ ಓದಿನಿಂದಾಗಿ ಥಾಂಪ್ಸನ್ ಹೆರಾ ಹೆಸರಿನ ಮುಂದೆ 'ವಿಶ್ವದಾಖಲೆ' ಎಂಬ ಪದ ಬರಲೇ ಇಲ್ಲ. ಗ್ರಿಫಿತ್ ಜಾಯ್ನರ್ ಮಾಡಿದ ತಪ್ಪೂ ಇಲ್ಲಿ ಏನಿಲ್ಲ, ಗಾಳಿಮಾಪಕವನ್ನು ಅವರು ಇಟ್ಟಿರಲಿಲ್ಲ.

ಗಾಳಿಯನ್ನಾದರೂ ನಿಯಮಗಳು ಗಮನಿಸುತ್ತವೆ. ಗಮನಿಸದೆ ಬಿಟ್ಟ ಒಂದು ರಾಶಿ ಗುರುತ್ವ ವೇಗೋತ್ಕರ್ಷ. ಪಠ್ಯಪುಸ್ತಕದಲ್ಲಿ ಅದು 9.8 ಎಂದು ಓದುತ್ತೇವೆ. ಬೆಂಗಳೂರಿನಲ್ಲಿ ಅದು ಸುಮಾರು 9.78, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 9.82. ವ್ಯತ್ಯಾಸ ಶೇಕಡಾ 0.4. ಗುಂಡನ್ನು 2.1 ಮೀಟರ್ ಎತ್ತರದಿಂದ, ಸೆಕೆಂಡಿಗೆ ಸುಮಾರು 14.4 ಮೀಟರ್ ವೇಗದಲ್ಲಿ, ಅತ್ಯಂತ ಅನುಕೂಲ ಕೋನದಲ್ಲಿ ಎಸೆದರೆ ಅದು 23 ಮೀಟರ್ ಆಸುಪಾಸು ಬೀಳುತ್ತದೆ. ಅದೇ ಎಸೆತ ಹೆಲ್ಸಿಂಕಿಯಲ್ಲಿಗಿಂತ ಬೆಂಗಳೂರಿನಲ್ಲಿ ಸುಮಾರು 8 ಸೆಂ.ಮೀ. ಹೆಚ್ಚು ದೂರ ಹೋಗುತ್ತದೆ. ಪ್ರಕ್ಷೇಪಕದ ಸಮೀಕರಣ ಕಲಿಸುವವರು ತರಗತಿಯಲ್ಲಿ ಇದನ್ನು ಕೊಟ್ಟು ನೋಡಿ. ದಾಖಲೆಯನ್ನು ಒಂದು ಸೆಂ.ಮೀ.ನಿಂದ ಮುರಿದರೂ ಅದು ದಾಖಲೆಯೇ, ಆದರೆ ಎಂಟು ಸೆಂ.ಮೀ.ಗೆ ಊರು ಕಾರಣವಾಗಬಹುದು! ಸಮುದ್ರ ಮಟ್ಟದಿಂದ 1000 ಮೀಟರಿಗೂ ಎತ್ತರದಲ್ಲಿ ಮಾಡಿದ ಸಾಧನೆಗೆ ಪಟ್ಟಿಗಳಲ್ಲಿ ಒಂದು ಗುರುತು ಹಾಕುತ್ತಾರೆ. ನಮ್ಮ ಬೆಂಗಳೂರು ಸುಮಾರು 920 ಮೀಟರಿನಲ್ಲಿದ್ದು ಆ ಗುರುತಿನಿಂದ ಕೂದಲೆಳೆಯಲ್ಲಿ ಪಾರಾಗಿದೆ. ಇಲ್ಲಿಯ ಗಾಳಿಯ ಸಾಂದ್ರತೆ ಸಮುದ್ರ ಮಟ್ಟಕ್ಕಿಂತ ಶೇಕಡಾ 8ರಷ್ಟು ಕಡಿಮೆ ಎಂಬುದು ಓಟಗಾರರಿಗೆ ಗುಟ್ಟಿನ ಬೋನಸ್ಸು.

ಅಳತೆಯ ಸೂಕ್ಷ್ಮತೆಗೂ ಒಂದು ಮಿತಿಯುಂಟು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ 400 ಮೀಟರ್ ಮಿಶ್ರ ಈಜಿನಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಮತ್ತು ಅಮೆರಿಕದ ಟಿಮ್ ಮೆಕೀ ಇಬ್ಬರ ಕಾಲವೂ 4 ನಿಮಿಷ 31.98 ಸೆಕೆಂಡು. ಗಡಿಯಾರದ ಮೂರನೆಯ ದಶಮಾಂಶ ನೋಡಿದರು: 31.981 ಮತ್ತು 31.983. ಚಿನ್ನ ಲಾರ್ಸನ್‌ಗೆ. ಅವರ ಸರಾಸರಿ ವೇಗ ಸೆಕೆಂಡಿಗೆ ಸುಮಾರು 1.47 ಮೀಟರ್, 0.002 ಸೆಕೆಂಡಿಗೆ ಸಾಗುವ ದೂರ 3 ಮಿ.ಮೀ. ಆದರೆ 50 ಮೀಟರ್ ಕೊಳದ ಒಂದೊಂದು ಸಾಲೂ 3 ಸೆಂ.ಮೀ.ವರೆಗೆ ಉದ್ದವಿರಲು ನಿಯಮವೇ ಅವಕಾಶ ಕೊಡುತ್ತಿತ್ತು. ಎಂಟು ಸುತ್ತಿಗೆ 24 ಸೆಂ.ಮೀ. ಅಷ್ಟು ಅನಿಶ್ಚಿತತೆಯೊಳಗೆ 3 ಮಿ.ಮೀ.ಗಾಗಿ ಚಿನ್ನ, ಬೆಳ್ಳಿ ಹಂಚಿದರು. ಅನಂತರ ತಪ್ಪು ಅರಿವಾಗಿ ಈಜಿನಲ್ಲಿ ಕಾಲವನ್ನು ನೂರನೆಯ ಒಂದು ಸೆಕೆಂಡಿಗೇ ನಿಲ್ಲಿಸಿದರು. ಈಗ ಸಮವಾದರೆ ಇಬ್ಬರಿಗೂ ಪದಕ. ಸಾರ್ಥಕ ಅಂಕಿಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಗೊತ್ತಿಲ್ಲ. ನಮ್ಮ ಪಿ.ಟಿ. ಉಷಾ 1984ರಲ್ಲಿ ಲಾಸ್ ಏಂಜಲಿಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಕಂಚು ಕಳೆದುಕೊಂಡದ್ದು 55.42ಕ್ಕೆ ಎದುರಾಗಿ 55.41ರಿಂದ. ಆ 0.01 ಸೆಕೆಂಡು ಅವರ ವೇಗದಲ್ಲಿ ಸುಮಾರು 7 ಸೆಂ.ಮೀ.; ಗುರಿಗೆರೆಯ ಛಾಯಾಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವಷ್ಟು. ನೋವಿನ ಸಂಗತಿ, ಆದರೆ ಅಳತೆ ಸರಿ.

ಕೆಲವೊಮ್ಮೆ ಉಪಕರಣವೇ ಬದಲಾಗಿಬಿಡುತ್ತದೆ. ಪೂರ್ವ ಜರ್ಮನಿಯ ಉವೆ ಹೋನ್ 1984ರಲ್ಲಿ ಜಾವೆಲಿನನ್ನು 104.80 ಮೀಟರ್ ಎಸೆದರು. ಕ್ರೀಡಾಂಗಣವೇ ಸಾಲದಾಗುವ ಸ್ಥಿತಿ. ಜೊತೆಗೆ ಹಳೆಯ ಜಾವೆಲಿನ್ ತೇಲುತ್ತ ಹೋಗಿ ಅಡ್ಡಡ್ಡ ಬೀಳುತ್ತಿದ್ದುದರಿಂದ ಎಸೆತ ಸರಿಯೇ ತಪ್ಪೇ ಎಂಬ ಜಗಳ. 1986ರಲ್ಲಿ ಅದರ ಗುರುತ್ವ ಕೇಂದ್ರವನ್ನು 4 ಸೆಂ.ಮೀ. ಮುಂದಕ್ಕೆ ಸರಿಸಿದರು. ಮೂತಿ ಬೇಗ ಬಾಗಿತು, ದೂರ ಕುಸಿಯಿತು. ಹೊಸ ಜಾವೆಲಿನ್‌ನ ಮೊದಲ ವಿಶ್ವದಾಖಲೆ 85.74 ಮೀಟರ್. ಯಾನ್ ಜೆಲೆಜ್ನಿಯ 98.48 (1996), ನೀರಜ್ ಚೋಪ್ರಾರ 90.23 (ದೋಹಾ, 2025) ಇವೆಲ್ಲ ಹೊಸ ಜಾವೆಲಿನ್‌ನ ಅಂಕಿಗಳು. ನೀರಜ್ 2025ರ ಜುಲೈ 5ರಂದು ಬೆಂಗಳೂರಿನ ಕಂಠೀರವದಲ್ಲಿ 86.18 ಮೀಟರ್ ಎಸೆದು ಗೆದ್ದಾಗ 'ಹೋನ್‌ಗಿಂತ ಇನ್ನೂ ಎಷ್ಟು ಹಿಂದೆ!' ಎನ್ನುವುದರಲ್ಲಿ ಅರ್ಥವಿಲ್ಲ. ಈಜಿನಲ್ಲಿಯೂ ಹೀಗೆಯೇ ಆಗಿದೆ. 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 43 ವಿಶ್ವದಾಖಲೆಗಳು ಮುರಿದವು. ಕಾರಣ ಬಹುಮಟ್ಟಿಗೆ ಪಾಲಿಯುರೆಥೇನ್ ಉಡುಪು. 2010ರಿಂದ ಅದಕ್ಕೆ ನಿಷೇಧ.

ಒಂದು ಕ್ರೀಡೆಯೊಳಗೇ ಇಷ್ಟು ತೊಡಕಿರುವಾಗ ಬೇರೆ ಬೇರೆ ಕ್ರೀಡೆಗಳವರನ್ನು ಹೋಲಿಸುವುದು ಹೇಗೆ? ಎಷ್ಟು ಬಾರಿ ದಾಖಲೆ ಮುರಿದರು ಎಂದು ಎಣಿಸುವುದಂತೂ ಸಲ್ಲದು. ಪೋಲ್ ವಾಲ್ಟ್‌ನಲ್ಲಿ ಸ್ವೀಡನ್ನಿನ ಡುಪ್ಲಾಂಟಿಸ್ 2020ರ 6.17 ಮೀಟರಿನಿಂದ 2025ರ ಸೆಪ್ಟೆಂಬರಿನ 6.30ರವರೆಗೆ 14 ಬಾರಿ ದಾಖಲೆ ಮಾಡಿದರು, ಒಂದೊಂದೇ ಸೆಂ.ಮೀ. ಏರಿಸುತ್ತ. ಅಡ್ಡಪಟ್ಟಿಯನ್ನು ಎಷ್ಟಕ್ಕೆ ಇಡಬೇಕೆಂದು ಆಟಗಾರನೇ ಆರಿಸುವ ಆಟವದು. ಉದ್ದ ಜಿಗಿತದಲ್ಲಿ ಆ ಸೌಲಭ್ಯವಿಲ್ಲ. ಶೇಕಡಾವಾರು ಏರಿಕೆಯೂ ದಾರಿ ತಪ್ಪಿಸುತ್ತದೆ. ಓಟದ ಕಾಲ ವೇಗಕ್ಕೆ ವಿಲೋಮ ಅನುಪಾತದಲ್ಲಿದ್ದರೆ ಎಸೆತ, ಜಿಗಿತಗಳ ದೂರ ಸ್ಥೂಲವಾಗಿ ವೇಗದ ವರ್ಗವನ್ನು ಅನುಸರಿಸುತ್ತದೆ. ಬೀಮನ್‌ರ ಶೇಕಡಾ 6.6 ಏರಿಕೆ ವೇಗದ ಲೆಕ್ಕದಲ್ಲಿ ಶೇಕಡಾ 3.3. ಜಿಮ್ ಹೈನ್ಸ್‌ರ 9.95ರಿಂದ (ಅದೂ 1968ರ ಮೆಕ್ಸಿಕೊ) ಬೋಲ್ಟ್‌ರ 9.58ಕ್ಕೆ ಬರಲು 41 ವರ್ಷಗಳಲ್ಲಿ ಆದ ಏರಿಕೆ ಶೇಕಡಾ 3.9.

ಹೆಚ್ಚು ಒಪ್ಪತಕ್ಕ ಉಪಾಯ ಸಂಖ್ಯಾಶಾಸ್ತ್ರದ್ದು. ಒಂದು ಕ್ರೀಡೆಯ ಎಲ್ಲ ಶ್ರೇಷ್ಠರ ಸರಾಸರಿಯನ್ನೂ ಮಾನಕ ವಿಚಲನೆಯನ್ನೂ ಕಂಡುಹಿಡಿದು, ಆಟಗಾರ ಆ ಸರಾಸರಿಯಿಂದ ಎಷ್ಟು ಮಾನಕ ವಿಚಲನೆಗಳಷ್ಟು ಮೇಲಿದ್ದಾನೆಂದು ನೋಡುವುದು. ಆಗ ರನ್ನು, ಗೋಲು, ಮೀಟರು ಎಂಬ ಏಕಮಾನಗಳು ರದ್ದಾಗಿ ಬರಿಯ ಸಂಖ್ಯೆ ಉಳಿಯುತ್ತದೆ. ಆಸ್ಟ್ರೇಲಿಯದ ಚಾರ್ಲ್ಸ್ ಡೇವಿಸ್ ಹೀಗೆ ಲೆಕ್ಕ ಮಾಡಿದಾಗ ಡಾನ್ ಬ್ರಾಡ್ಮನ್‌ಗೆ 4.4, ಫುಟ್‌ಬಾಲಿನ ಪೆಲೆಗೆ 3.7, ಬಾಸ್ಕೆಟ್‌ಬಾಲಿನ ಮೈಕೆಲ್ ಜೋರ್ಡನ್‌ಗೆ 3.4 ಬಂತು. ಟೆಸ್ಟ್ ಕ್ರಿಕೆಟ್ಟಿನಲ್ಲಿ ಬ್ರಾಡ್ಮನ್‌ರ ಸರಾಸರಿ 99.94, ದೀರ್ಘಕಾಲ ಆಡಿದ ಇತರ ಅತ್ಯುತ್ತಮರು 60ರ ಸುತ್ತ ನಿಲ್ಲುತ್ತಾರೆ. ಕ್ರಿಕೆಟ್ ಪ್ರಿಯರಿಗೆ ಸಂತೋಷವೇ. ಆದರೆ ಸರಾಸರಿಗೆ ಯಾರನ್ನೆಲ್ಲ ಸೇರಿಸಿಕೊಂಡಿರಿ ಎಂಬುದರ ಮೇಲೆ ವಿಚಲನೆ ನಿಂತಿದೆ. ಬೆರಳೆಣಿಕೆಯ ದೇಶಗಳು ಟೆಸ್ಟ್ ಆಡುತ್ತಿದ್ದ ಕಾಲದ 4.4 ಹಾಗೂ ಜಗತ್ತಿನ ಪ್ರತಿ ಹಳ್ಳಿಯ ಮಗುವೂ ಓಡುವ ಓಟದ 4.4 ಒಂದೇ ತೂಕದವೆಂದು ನಾನು ಒಪ್ಪಲಾರೆ.

ಶಾಲೆಯ ಕ್ರೀಡಾಕೂಟದಲ್ಲಿ ಇದನ್ನೆಲ್ಲ ಪರೀಕ್ಷಿಸಿ ನೋಡಲು ಖರ್ಚಿಲ್ಲ. 100 ಮೀಟರ್ ಓಟದ ಗುರಿಯ ಬಳಿ ಹತ್ತು ವಿದ್ಯಾರ್ಥಿಗಳ ಕೈಗೆ ಸ್ಟಾಪ್‌ವಾಚ್ ಕೊಡಿ. ಐವರು ಸೀಟಿಯ ಸದ್ದು ಕೇಳಿ ಒತ್ತಲಿ, ಐವರು ಬಾವುಟ ಇಳಿದದ್ದನ್ನು ನೋಡಿ ಒತ್ತಲಿ. ಸದ್ದು 100 ಮೀಟರ್ ಬರಲು ಸುಮಾರು 0.29 ಸೆಕೆಂಡು ಬೇಕು. ಮೊದಲ ಗುಂಪಿನ ಕಾಲ ಅಷ್ಟು ಕಡಿಮೆ ಬರುತ್ತದೆಯೆ ನೋಡಿ. ಎರಡನೆಯ ಗುಂಪಿನಲ್ಲಿಯೂ ಆರಂಭಕ್ಕೆ ತಡವಾಗಿ ಒತ್ತಿ, ಗುರಿಯನ್ನು ಮೊದಲೇ ಊಹಿಸಿ ನಿಲ್ಲಿಸುವ ಪ್ರವೃತ್ತಿ ಇದ್ದೇ ಇರುತ್ತದೆ. ಆದ್ದರಿಂದಲೇ ಹಳೆಯ ಕೈಗಡಿಯಾರದ ಕಾಲಗಳನ್ನು ವಿದ್ಯುನ್ಮಾನ ಕಾಲಗಳೊಡನೆ ಹೋಲಿಸುವಾಗ 100 ಮೀಟರಿಗೆ 0.24 ಸೆಕೆಂಡು ಸೇರಿಸುತ್ತಾರೆ. ಗುರಿಗೆರೆಯ ನೇರದಲ್ಲಿ ಮೊಬೈಲ್ ಫೋನೊಂದನ್ನು ಅಲುಗಾಡದಂತೆ ನಿಲ್ಲಿಸಿ ವಿಡಿಯೊ ತೆಗೆದರೆ ಇನ್ನೂ ಒಳ್ಳೆಯದು. ಸೆಕೆಂಡಿಗೆ 30 ಚಿತ್ರಗಳಾದರೆ, ಸೆಕೆಂಡಿಗೆ 7 ಮೀಟರ್ ಓಡುವ ಹುಡುಗಿ ಒಂದು ಚಿತ್ರದಿಂದ ಇನ್ನೊಂದಕ್ಕೆ 23 ಸೆಂ.ಮೀ. ಮುಂದೆ ಬಂದಿರುತ್ತಾಳೆ. ಅದಕ್ಕಿಂತ ಕಡಿಮೆ ಅಂತರದಲ್ಲಿ ಇಬ್ಬರು ಬಂದರೆ ಬಹುಮಾನ ಇಬ್ಬರಿಗೂ ಕೊಡಿ.